ಹಿಂದಿನ ಮುಚ್ಚಳ

ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ಇಳಿಯುವಾಗ ಫೋನು ಕೈಜಾರಿತು. ಎತ್ತಿಕೊಂಡು ಮೊದಲು ನೋಡಿದ್ದು ಮುಂಭಾಗವನ್ನ. ಎಲ್ಲರೂ ನೋಡೋದು ಅದನ್ನೇ ತಾನೆ? ಸ್ಕ್ರೀನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸದ್ಯ ಬದುಕಿತು ಅಂದುಕೊಂಡು ತಿರುಗಿಸಿದೆ. ಬೆನ್ನಿನ ಗಾಜು ಕ್ಯಾಮೆರಾದ ಮೂಲೆಯಿಂದ ಶುರುವಾಗಿ ಕೆಳತುದಿಯವರೆಗೆ ಜೇಡರಬಲೆಯಂತೆ ಸೀಳಿತ್ತು.

ಮದುವೆಗೆ ಬಂದವರಿಗೆ ಅಳೋಕೆ ಪುರುಸೊತ್ತು ಇರಲ್ಲ. ಕವರ್ ಹಾಕಿ ಜೇಬಿಗೆ ಸೇರಿಸಿದೆ. ಎರಡು ವಾರ ಹಾಗೇ ಓಡಾಡಿದೆ. ಫೋನು ಸರಿಯಾಗಿಯೇ ಇತ್ತು, ಕಾಲ್ ಹೋಗ್ತಿತ್ತು, ಫೋಟೊ ಬರ್ತಿತ್ತು. ಆದರೆ ಬೆಳಿಗ್ಗೆ ಬೆಂಗಳೂರಿನ ರೈಲಲ್ಲಿ ಕೂತು ಕವರ್ ತೆಗೆದರೆ ಅಂಗೈಗೆ ಸಣ್ಣ ಗಾಜಿನ ಚೂರು ಚುಚ್ಚೋದು. ಒಂದು ಕಡೆ ರಿಪೇರಿಗೆ ವಿಚಾರಿಸಿದೆ. ಅವರು ಹೇಳಿದ ಮೊತ್ತ ನನ್ನ ಫೋನಿನ ಈಗಿನ ಬೆಲೆಯ ಮೂರನೇ ಒಂದು ಭಾಗದಷ್ಟಿತ್ತು. ಜೊತೆಗೆ ನಾಲ್ಕು ದಿನ ಫೋನು ಬಿಟ್ಟಿರಬೇಕು, ಡೇಟಾ ಹೋದರೆ ಅವರು ಹೊಣೆಯಲ್ಲ. ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಹುಡುಗನೊಬ್ಬ ಮಾತ್ರ ನೇರವಾಗಿ ಹೇಳಿದ: “ಗ್ಲಾಸ್ ತರಿಸ್ಕೊಡಿ, ಹಾಕ್ಕೊಡ್ತೀನಿ. ಇಲ್ಲಾಂದ್ರೆ ನೀವೇ ಹಾಕ್ಕೊಳ್ಳಿ, ಕಷ್ಟ ಏನಿಲ್ಲ. ಬಿಚ್ಚೋದೇ ಕಷ್ಟ.”

ಆ ಕೊನೇ ಮಾತು ತಲೇಲಿ ಉಳೀತು. ಹಾಕೋದು ಸುಲಭ, ಬಿಚ್ಚೋದು ಕಷ್ಟ. ಯಾಕೆ ಹಾಗೆ?

ಗಾಜು ತರಿಸಿದೆ. 650 ರೂಪಾಯಿ. ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಸಾಮಾನು ಹರಡಿಕೊಂಡು ಕೂತೆ. ಹೇರ್ ಡ್ರೈಯರ್, ರಬ್ಬರ್ ಸಕ್ಷನ್ ಕಪ್, ಅವಧಿ ಮುಗಿದ ಎಟಿಎಂ ಕಾರ್ಡು, ಐಸೊಪ್ರೊಪೈಲ್ ಆಲ್ಕೊಹಾಲ್. ಅಷ್ಟರಲ್ಲಿ ಮಾವ ಬಂದರು. ಮಾವ ಅಂದರೆ ಅಮ್ಮನ ತಮ್ಮ. ಊರು ಕುಣಿಗಲ್, ಕೆಲಸ ಮಾಡಿದ್ದು ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ. ಅಸೆಂಬ್ಲಿ ಸೆಕ್ಷನ್ನು. ಫೋನನ್ನ ಕೈಗೆ ತಗೊಂಡು, ಕನ್ನಡಕ ಹಣೆಗೇರಿಸಿ, ಅಂಚಿನ ಸುತ್ತ ಉಗುರಾಡಿಸಿದರು. ಒಂದು ಸುತ್ತು, ಇನ್ನೊಂದು ಸುತ್ತು.

“ಇದ್ರ ತುಟಿ ಎಲ್ಲೈತೆ?” ಅಂದರು.

ನನಗೆ ಅರ್ಥ ಆಗಲಿಲ್ಲ. ಮಾವ ತಮ್ಮ ಕೈಗಡಿಯಾರ ಬಿಚ್ಚಿ ಬೋರಲಾಗಿಸಿದರು. ನಮ್ಮ ತಾತನ ಎಚ್‌ಎಂಟಿ ಜನತಾ ಅದು. ಹಿಂದಿನ ಸ್ಟೀಲ್ ಮುಚ್ಚಳದ ಅಂಚಲ್ಲಿ ಒಂದು ಕಡೆ, ಗಮನಿಸಿದರೆ ಮಾತ್ರ ಕಾಣುವಷ್ಟು, ಒಂದು ಸಣ್ಣ ಉಬ್ಬು. ಅಲ್ಲಿಗೆ ಮೊಂಡು ಚಾಕುವಿನ ತುದಿ ಇಟ್ಟು ಸ್ವಲ್ಪ ತಿರುಚಿದರು. ಟಕ್. ಮುಚ್ಚಳ ಬಂತು. ಮೂರು ಸೆಕೆಂಡೂ ಆಗಿರಲಿಲ್ಲ.

“ಇದು ತುಟಿ. ಇದನ್ನ ಮಾಡೋಕೆ ಫ್ಯಾಕ್ಟ್ರೀಲಿ ಬೇರೆ ಖರ್ಚಿಲ್ಲ. ಡ್ರಾಯಿಂಗಲ್ಲಿ ಹಾಕಿದ್ರೆ ಸಾಕು, ಬರ್ತದೆ.”

ನನ್ನ ಫೋನಿಗೆ ತುಟಿ ಇಲ್ಲ. ನಿಮ್ಮದಕ್ಕೂ ಇರಲಿಕ್ಕಿಲ್ಲ, ನೋಡಿಕೊಳ್ಳಿ. ಅದು ಹೇಗೆ ಇಲ್ಲವಾಯಿತು ಅನ್ನೋದೇ ಈ ಬರಹದ ವಿಷಯ.

ಮೊದಲು ತುಟಿ ಇದ್ದ ಕಾಲ. ಹಿಂದೂಸ್ತಾನ್ ಮಷಿನ್ ಟೂಲ್ಸ್ ಶುರುವಾಗಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ, ಲೇತ್‌ಗಳಂಥ ಯಂತ್ರ ಮಾಡೋಕೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಅಲ್ಲೇ ಕೈಗಡಿಯಾರ ಶುರುವಾಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ತುಮಕೂರಿನ ಫ್ಯಾಕ್ಟರಿ ಬಂದಿದ್ದು 1978ರಲ್ಲಿ. ನಮ್ಮೂರಿನ ಒಂದು ತಲೆಮಾರು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಚಿಮಟದಲ್ಲಿ ಎಳ್ಳಿಗಿಂತ ಸಣ್ಣ ಸ್ಕ್ರೂ ಹಿಡಿದು ಸಂಸಾರ ನಡೆಸಿತು. ಜನತಾ, ಪೈಲಟ್, ಸೋನಾ, ಕಂಚನ್. ಮದುವೆಯಲ್ಲಿ ಹುಡುಗನಿಗೆ ವಾಚು ಅಂದರೆ ಎಚ್‌ಎಂಟಿ ವಾಚೇ.

ಆ ಗಡಿಯಾರದ ಮುಂದಿನ ‘ಗಾಜು’ ನಿಜವಾಗಿ ಗಾಜಲ್ಲ, ಅಕ್ರಿಲಿಕ್. ಗೀರು ಬಿದ್ದರೆ ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೋಗ್ತಿತ್ತು. ಒಡೆದರೆ ಒತ್ತಿ ಕೂರಿಸುವ ಹೊಸದು. ಅಂಟಿಲ್ಲ, ಬಿಸಿಯಿಲ್ಲ. ತಾತನ ಜನತಾದ ಗಾಜು ಒಮ್ಮೆ ಕುಣಿಗಲ್ ದೊಡ್ಡಕೆರೆಯ ತೂಬಿನ ಕಲ್ಲಿಗೆ ಬಡಿದು ಹೋಳಾಗಿತ್ತಂತೆ. ತಾತ ಬಿ.ಎಂ. ರಸ್ತೆಯ ಪಕ್ಕ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ವಾಚ್ ರಿಪೇರಿಯವರ ಕೈಗೆ ಕೊಟ್ಟು, ಎದುರಿನ ಹೋಟೆಲಲ್ಲಿ ಕಾಫಿ ಕುಡಿದು ಬರೋಷ್ಟರಲ್ಲಿ ಹೊಸ ಗಾಜು ಕೂತಿತ್ತು. ಅಮ್ಮ ಈ ಕತೆ ಹೇಳುವಾಗ ಕಾಫಿಯ ಬಗ್ಗೆಯೇ ಹೆಚ್ಚು ಹೇಳ್ತಾಳೆ. ರಿಪೇರಿ ಅಷ್ಟು ಸಾಮಾನ್ಯ ಸಂಗತಿ.

ಮಾವ ಮುಚ್ಚಳವನ್ನ ಬೆಳಕಿಗೆ ಹಿಡಿದು ತೋರಿಸಿದರು. ಒಳಮೈಯಲ್ಲಿ ಸೂಜಿಮೊನೆಯಿಂದ ಗೀಚಿದ ಮೂರು ಗುರುತುಗಳು. ಯಾವುದೋ ಅಕ್ಷರ, ಪಕ್ಕದಲ್ಲಿ ತಿಂಗಳು, ವರ್ಷ. ಗಡಿಯಾರ ಬಿಚ್ಚಿ ಸರ್ವಿಸ್ ಮಾಡಿದವರು ತಮ್ಮ ಗುರುತು ಹಾಕಿಡುವುದು ಈ ಕಸುಬಿನ ಹಳೇ ಪದ್ಧತಿ, ಪ್ರಪಂಚದ ಎಲ್ಲ ಕಡೆ ಇದೆ. ಮುಂದೆ ಬಿಚ್ಚುವವನಿಗೆ ಹಿಂದೆ ಬಿಚ್ಚಿದವನು ಬಿಟ್ಟ ಚೀಟಿ ಅದು.

ಈಗ ಫೋನಿನ ಕತೆಗೆ ಬರೋಣ. ನಮ್ಮಲ್ಲಿ ಮೂವತ್ತು ದಾಟಿದವರಿಗೆಲ್ಲ ನೋಕಿಯಾ ನೆನಪಿರಬೇಕು. 2003ರಲ್ಲಿ ಬಂದ ನೋಕಿಯಾ 1100 ಪ್ರಪಂಚದಾದ್ಯಂತ 25 ಕೋಟಿಯಷ್ಟು ಮಾರಾಟವಾಯಿತು. ಅದರ ಬೆನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಬರ್ತಿತ್ತು. ಬ್ಯಾಟರಿ ತೆಗೆದು ಊದಿ ಹಾಕೋದು ನಮ್ಮ ಸಾರ್ವತ್ರಿಕ ಚಿಕಿತ್ಸೆ. ‘ಪ್ಯಾನೆಲ್ ಚೇಂಜ್’ ಅಂತ ಬೋರ್ಡು ಹಾಕಿಕೊಂಡ ಅಂಗಡಿಗಳು ತುಮಕೂರಿನ ಎಂ.ಜಿ. ರಸ್ತೆಯಲ್ಲೂ ಇದ್ದವು, ಕುಣಿಗಲ್‌ನಲ್ಲೂ ಇದ್ದವು. ನಾನು ಪಿಯುಸಿಯಲ್ಲಿ ಇದ್ದಾಗ ಒಂದೇ ಫೋನಿಗೆ ಮೂರು ಬಣ್ಣದ ಪ್ಯಾನೆಲ್ ಹಾಕಿದ್ದೆ. ಅದನ್ನ ರಿಪೇರಿ ಅಂತ ಯಾರೂ ಕರೀತಿರಲಿಲ್ಲ, ಅದು ಶೋಕಿ.

ಬೆನ್ನಿಗೆ ಗಾಜು ಬಂದಿದ್ದು 2010ರ ಐಫೋನ್ 4ರಲ್ಲಿ ಅಂತ ಎಲ್ಲರೂ ನೆನಪಿಡ್ತಾರೆ. ಅದರ ತಳದಲ್ಲಿ ಎರಡು ಸ್ಕ್ರೂ ಇತ್ತು ಅನ್ನೋದು ಮರೆತುಹೋಗಿದೆ. ಆ ಎರಡನ್ನ ಬಿಚ್ಚಿ ಗಾಜನ್ನ ಸ್ವಲ್ಪ ಮೇಲಕ್ಕೆ ಜಾರಿಸಿದರೆ ಬೆನ್ನು ಪೂರ್ತಿ ಕೈಗೆ ಬರ್ತಿತ್ತು. ಅಂದರೆ ಗಾಜು ಇದ್ದ ಮಾತ್ರಕ್ಕೆ ಅಂಟಿಸಲೇಬೇಕು ಅಂತೇನಿಲ್ಲ.

ಮತ್ತೆ ಅಂಟು ಯಾಕೆ ಬಂತು? ‘ನೀರು ಒಳಗೆ ಹೋಗಬಾರದಲ್ಲ’ ಅಂತ ನಾನೂ ನಂಬಿದ್ದೆ. ಈ ನಂಬಿಕೆಗೆ ಪೆಟ್ಟು ಕೊಡೋದು ಸ್ಯಾಮ್‌ಸಂಗ್‌ನ ಎರಡು ಫೋನುಗಳು. 2014ರ ಗ್ಯಾಲಕ್ಸಿ ಎಸ್5ರ ಬೆನ್ನು ಪ್ಲಾಸ್ಟಿಕ್ಕಿನದು, ಉಗುರಲ್ಲಿ ಎತ್ತಿದರೆ ಬರ್ತಿತ್ತು, ಬ್ಯಾಟರಿಯನ್ನ ನಾವೇ ಬದಲಿಸಬಹುದಿತ್ತು. ಆದರೂ ಅದು ನೀರು-ಧೂಳಿಗೆ ಐಪಿ67 ದರ್ಜೆ ಪಡೆದಿತ್ತು. ಮುಚ್ಚಳದ ಒಳಗೆ ಒಂದು ರಬ್ಬರ್ ಸುತ್ತು, ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇದ್ದಹಾಗೆ. ಮುಂದಿನ ವರ್ಷ ಬಂದ ಎಸ್6ಕ್ಕೆ ಗಾಜಿನ ಬೆನ್ನು, ಸುತ್ತಲೂ ಅಂಟು. ಅದಕ್ಕೆ ಆ ದರ್ಜೆ ಇರಲೇ ಇಲ್ಲ! ಬಿಚ್ಚಲು ಬರುತ್ತಿದ್ದ ಫೋನು ನೀರು ತಡೆಯಿತು, ಅಂಟಿಸಿದ ಫೋನು ಆ ಭರವಸೆ ಕೊಡಲಿಲ್ಲ. ಆಮೇಲಿನ ಅಂಟಿನ ಫೋನುಗಳು ನೀರನ್ನೂ ತಡೆದವು, ನಿಜ. ಆದರೆ ಅದು ಒಂದೇ ದಾರಿ ಆಗಿರಲಿಲ್ಲ.

ಗಾಜಿಗೆ ಒಂದು ಒಳ್ಳೇ ಕಾರಣವೂ ಇದೆ, ಅದನ್ನ ಮುಚ್ಚಿಡಬಾರದು. ವೈರ್‌ಲೆಸ್ ಚಾರ್ಜಿಂಗ್ ನಡೆಯೋದು ತಂತಿಸುರುಳಿಯಿಂದ ಸುರುಳಿಗೆ, ಕಾಂತಕ್ಷೇತ್ರದ ಮೂಲಕ. ನಡುವೆ ಲೋಹದ ಹಾಳೆ ಬಂದರೆ ಆ ಕ್ಷೇತ್ರ ಅದರಲ್ಲೇ ಸುಳಿ ಸುತ್ತಿ ಬಿಸಿಯಾಗಿ ವ್ಯರ್ಥವಾಗುತ್ತೆ. ಗಾಜು ಅಡ್ಡ ಬರಲ್ಲ. ಆಂಟೆನಾಕ್ಕೂ ಅಷ್ಟೇ. ಆದ್ದರಿಂದಲೇ ನಡುವೆ ಅಲ್ಯುಮಿನಿಯಂ ಬೆನ್ನಿಗೆ ಹೋಗಿದ್ದ ಆ್ಯಪಲ್ 2017ರಲ್ಲಿ ಐಫೋನ್ 8 ಮತ್ತು ಐಫೋನ್ ಟೆನ್‌ನಲ್ಲಿ ಗಾಜಿಗೆ ಮರಳಿತು. ಮರಳುವಾಗ ಆ ಎರಡು ಸ್ಕ್ರೂ ತರಲಿಲ್ಲ. ಗಾಜನ್ನ ಚೌಕಟ್ಟಿಗೆ ಎಷ್ಟು ಗಟ್ಟಿಯಾಗಿ ಅಂಟಿಸಿದರು ಅಂದರೆ, ಅದನ್ನ ತೆಗೆಯೋಕೆ ರಿಪೇರಿ ಅಂಗಡಿಯವರು ಲೇಸರ್ ಮಷಿನ್ನಿನಲ್ಲಿ ಅಂಟು ಸುಡಬೇಕಾಯಿತು. ಪುಣ್ಯಕ್ಕೆ ನನ್ನದು ಬಿಸಿಗೆ ಮೆತ್ತಗಾಗುವ ಅಂಟುಪಟ್ಟಿಯ ಫೋನು.

ಸರಿ, ಮೇಜಿಗೆ ವಾಪಸು.

ಫೋನು ಆಫ್ ಮಾಡಿದೆ. ಚಾರ್ಜು ಕಾಲು ಭಾಗಕ್ಕಿಂತ ಕಮ್ಮಿ ಇರಲಿ ಅಂತ ಮೊದಲೇ ಇಳಿಸಿಟ್ಟಿದ್ದೆ. ಸಿಮ್ ಟ್ರೇ ತೆಗೆದೆ. ಮಾವ ಒಂದು ಬಿಳೀ ಟವೆಲ್ ತಂದು ಕೆಳಗೆ ಹಾಸಿದರು. “ಬಿದ್ದಿದ್ದು ಉರುಳಬಾರ್ದು, ಕಾಣ್ಬೇಕು.” ನನ್ನ ಕಣ್ಣಿಗೂ ಒಂದು ಕನ್ನಡಕ ಹಾಕಿಸಿದರು. ಬಿರುಕು ಬಿಟ್ಟ ಗಾಜಿನ ಮೇಲೆ ಸಕ್ಷನ್ ಕಪ್ ನಿಲ್ಲಲ್ಲ, ಬಿರುಕಿನಿಂದ ಗಾಳಿ ನುಗ್ಗುತ್ತೆ. ಅದಕ್ಕೆ ಅಗಲದ ಪಾರದರ್ಶಕ ಟೇಪನ್ನ ಬೆನ್ನಿನ ತುಂಬ ಅಂಟಿಸಿದೆ. ಚೂರುಗಳೂ ಸಿಡಿಯಲ್ಲ, ಕಪ್ಪೂ ಕಚ್ಚಿಕೊಳ್ಳುತ್ತೆ. ಅಂಚಿನ ಸುತ್ತ ಹೇರ್ ಡ್ರೈಯರ್ ಆಡಿಸಿದೆ, ಎರಡು-ಮೂರು ನಿಮಿಷ. ಒಂದೇ ಕಡೆ ನಿಲ್ಲಿಸಬಾರದು, ಕೆಳಗೆ ಲಿಥಿಯಂ ಬ್ಯಾಟರಿ ಇದೆ. ಕೈಗೆ ತಾಳಲಾರದಷ್ಟು ಬಿಸಿ ಆದರೆ ನಿಲ್ಲಿಸಬೇಕು.

ಕಪ್ ಎಳೆದೆ. ಏನೂ ಆಗಲಿಲ್ಲ. ಮತ್ತೆ ಬಿಸಿ ಮಾಡಿ ಎಳೆದೆ. ನಾಲ್ಕನೇ ಸಲಕ್ಕೆ ಕೆಳಗಿನ ಅಂಚಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತು. ಎಟಿಎಂ ಕಾರ್ಡಿನ ಮೂಲೆ ತೂರಿಸಿದೆ. ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಿಡ್ತು. ಗೆದ್ದೆ ಅನ್ನೋ ಉತ್ಸಾಹದಲ್ಲಿ ಕಾರ್ಡನ್ನ ಸರ್ರನೆ ಒಳಕ್ಕೆ ತಳ್ಳಿದೆ.

ಮಾವ ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಜೋರಾಗಿಯೇ ಹಿಡಿದರು.

“ಒಳಗೆ ಏನೈತೆ ಅಂತ ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ಇನ್ನು ಒಂದು ಸೆಂಟಿಮೀಟರ್ ಹೋಗಿದ್ದರೆ ಬ್ಯಾಟರಿಯ ಚೀಲ. ಅದು ಗಟ್ಟಿ ಡಬ್ಬ ಅಲ್ಲ, ಬಿಸ್ಕತ್ ಪ್ಯಾಕೆಟ್ಟಿನಂಥ ತೆಳು ಹಾಳೆಯ ಚೀಲ. ತೂತಾದರೆ ಹೊಗೆ, ಬೆಂಕಿ. ನಾನು ವಿಡಿಯೊ ನೋಡಿದ್ದೆ, ಮಾವ ನೋಡಿರಲಿಲ್ಲ. ಆದರೆ ಮುಚ್ಚಳ ತೆಗೆಯುವಾಗ ಒಳಗಿರೋದರ ಬಗ್ಗೆ ಭಯ ಇರಬೇಕು ಅನ್ನೋದು ಅವರಿಗೆ ಗೊತ್ತಿತ್ತು, ನನಗಿರಲಿಲ್ಲ. ಅಲ್ಲಿಂದ ಮುಂದೆ ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಒಳಗಿಟ್ಟು, ಸುತ್ತ ಬಂದೆವು. ಇಪ್ಪತ್ತು ನಿಮಿಷಕ್ಕೆ ಬೆನ್ನು ಬಂತು.

ಆಮೇಲೆ ಇನ್ನೊಂದು ಪೆಟ್ಟು. ನಾನು ತರಿಸಿದ ಗಾಜಿಗೆ ಕ್ಯಾಮೆರಾದ ಲೆನ್ಸ್ ಇರಲಿಲ್ಲ, ಬರೀ ತೂತು. ಹಳೆಯದರಿಂದ ಲೆನ್ಸಿನ ಬಳೆ ಬಿಡಿಸಿ ಹೊಸದಕ್ಕೆ ಕೂರಿಸಬೇಕು. ನಾನು ಕೈಚೆಲ್ಲಿದೆ. ಮಾವ ಒಳಕೋಣೆಗೆ ಹೋಗಿ ಹಳೇ ಡಬ್ಬ ತಂದರು. ಚಿಮಟ, ಗಾಳಿ ಊದುವ ರಬ್ಬರ್ ಬುರುಡೆ, ಕಣ್ಣಿಗೆ ಸಿಗಿಸುವ ಭೂತಗನ್ನಡಿ. ನಲವತ್ತು ನಿಮಿಷ ಮಾತಾಡಲಿಲ್ಲ. ಅಮ್ಮ ಕಾಫಿ ತಂದಿಟ್ಟಳು, ಆರಿಹೋಯಿತು. ಮೂರು ಲೆನ್ಸನ್ನೂ ಬಿಡಿಸಿ, ಅಂಟು ಒರೆಸಿ, ಒಂದು ಧೂಳಿನ ಕಣವೂ ಉಳಿಯದಂತೆ ಊದಿ, ಕೂರಿಸಿದರು. ಫ್ಯಾಕ್ಟರಿ ಬಿಟ್ಟಮೇಲೆ ಆ ಡಬ್ಬ ತೆಗೆದಿದ್ದು ಎಷ್ಟು ಸಲ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ‘ಹಳೇ ವಾಚು ಒಳ್ಳೇದು, ಹೊಸ ಫೋನು ಕೆಟ್ಟದ್ದು’ ಅಂತ ಬರೆದುಬಿಡೋದು ಸುಲಭ. ಇತಿಹಾಸ ಅಷ್ಟು ನೇರ ಇಲ್ಲ. ಎಚ್‌ಎಂಟಿಯನ್ನ ಮೊದಲು ಸೋಲಿಸಿದ್ದು ಕ್ವಾರ್ಟ್ಜ್. 1987ರಿಂದ ಮಾರುಕಟ್ಟೆಗೆ ಬಂದ ಹೊಸೂರಿನ ಟೈಟನ್ ಗಡಿಯಾರಗಳು ತೆಳ್ಳಗಿದ್ದವು, ಚೆಂದ ಇದ್ದವು, ಕೀ ಕೊಡಬೇಕಿರಲಿಲ್ಲ. ಜನ ಅದನ್ನ ಕೊಂಡರು. ಅಗ್ಗದ ಕ್ವಾರ್ಟ್ಜ್ ಗಡಿಯಾರ ಕೆಟ್ಟರೆ ಒಳಗಿನ ಯಂತ್ರವನ್ನೇ ಪೂರ್ತಿ ಬದಲಿಸ್ತಾರೆ, ರಿಪೇರಿ ಮಾಡಲ್ಲ. ಅಂದರೆ ‘ಬಿಚ್ಚಬೇಡ, ಬದಲಿಸು’ ಅನ್ನೋದು ಫೋನಿನಿಂದ ಶುರುವಾಗಿದ್ದಲ್ಲ. ಎರಡನೇ ಸಲ ಸೋಲಿಸಿದ್ದು ಇದೇ ಫೋನು. ಟೈಮ್ ನೋಡೋಕೆ ವಾಚ್ ಯಾಕೆ ಅಂತ ಕೇಳಿದ ತಲೆಮಾರು ನಮ್ಮದೇ. ಹತ್ತು ಕೋಟಿಗೂ ಹೆಚ್ಚು ಗಡಿಯಾರ ಮಾಡಿದ ಎಚ್‌ಎಂಟಿ ವಾಚಸ್ ಅನ್ನು ಮುಚ್ಚುವ ತೀರ್ಮಾನವನ್ನ ಕೇಂದ್ರ ಸಂಪುಟ ತಗೊಂಡಿದ್ದು 2016ರ ಜನವರಿಯಲ್ಲಿ. ತುಮಕೂರಿನ ಫ್ಯಾಕ್ಟರಿಯ ನೂರಕ್ಕೂ ಹೆಚ್ಚು ಎಕರೆ ಜಾಗ ಇಸ್ರೋಗೆ ಹೋಯಿತು. ರಿಪೇರಿಗೆ ಬರುವ ವಸ್ತು ಮಾಡಿದ ಮಾತ್ರಕ್ಕೆ ಯಾವ ಕಂಪನಿಯೂ ಉಳಿಯಲ್ಲ. ಇದು ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ತಲೆಕೆಳಗಾದದ್ದೂ ಸುಳ್ಳು. ವಸ್ತು ಸಂಕೀರ್ಣ ಆದಷ್ಟೂ ಬಿಚ್ಚೋಕಾಗಲ್ಲ ಅನ್ನೋದು. ನನ್ನ ಫೋನು ಒಡೆದ ಗುಬ್ಬಿಯ ತಾಲ್ಲೂಕಿನಲ್ಲೇ, ಬಿದರೆಹಳ್ಳ ಕಾವಲ್‌ನಲ್ಲಿ, ಎಚ್‌ಎಎಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ನನ್ನ ಫೋನಿಗಿಂತ ಸರಳ ಯಂತ್ರವೇನಲ್ಲ. ಆದರೆ ಅದರ ಮೈತುಂಬ ತೆಗೆಯಲು ಬರುವ ಮುಚ್ಚಳಗಳು. ಇಷ್ಟು ಗಂಟೆ ಹಾರಿದ ಮೇಲೆ ಇದನ್ನ ಬಿಚ್ಚಿ ನೋಡಬೇಕು ಅಂತ ಪಟ್ಟಿ. ಬಿಚ್ಚೋಕೆ ಬಾರದ ಹೆಲಿಕಾಪ್ಟರನ್ನ ಯಾವ ಸೈನ್ಯವೂ ಕೊಳ್ಳಲ್ಲ. ಕೊಳ್ಳುವವನು ಕೇಳ್ತಾನೆ, ಮಾಡುವವನು ತುಟಿ ಇಡ್ತಾನೆ. ನಾವು ಕೇಳಲಿಲ್ಲ. ನಾವು ಕೇಳಿದ್ದು ಎಷ್ಟು ಮೆಗಾಪಿಕ್ಸೆಲ್, ಎಷ್ಟು ತೆಳ್ಳಗಿದೆ ಅಂತ.

ಈಗೀಗ ಕೇಳುವವರು ಹುಟ್ಟಿಕೊಂಡಿದ್ದಾರೆ, ಉತ್ತರವೂ ಬರ್ತಿದೆ. 2022ರ ಐಫೋನ್ 14ರ ಒಳಚೌಕಟ್ಟನ್ನೇ ಬದಲಿಸಿ, ಬೆನ್ನಿನ ಗಾಜು ಬೇರೆಯಾಗಿ ಬರುವಂತೆ ಮಾಡಿದರು. ತಳದಲ್ಲಿ ಮತ್ತೆ ಎರಡು ಸ್ಕ್ರೂ! ಬೆನ್ನು ಎತ್ತೋಕೆ ಬಿಸಿ ಇನ್ನೂ ಬೇಕು, ಆದರೆ ಲೇಸರ್ ಬೇಡ. ಹನ್ನೆರಡು ವರ್ಷ ಸುತ್ತಿ ಅಲ್ಲಿಗೇ ಬಂದಹಾಗಾಯಿತು. ಯೂರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ಲಿನ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಕೊಡಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಬಂತು, ಕಾನೂನಿನ ಹಲ್ಲು ಇನ್ನೂ ಮೂಡಿಲ್ಲ.

ಕೊನೆಯ ಹಂತ. ಚೌಕಟ್ಟಿನ ಮೇಲಿನ ಹಳೇ ಅಂಟನ್ನ ಆಲ್ಕೊಹಾಲ್ ಹಚ್ಚಿ ಒರೆಸಿದೆ. ಇದಕ್ಕೆ ತಾಳ್ಮೆ ಬೇಕು, ಒಂದು ಕಣ ಉಳಿದರೂ ಗಾಜು ಸಮ ಕೂರಲ್ಲ. ಮೈಕಿನ ತೂತು ಮುಚ್ಚಿಲ್ಲ ತಾನೆ ನೋಡಿದೆ. ಹೊಸ ಗಾಜಿನ ಹಿಂದಿನ ಪಟ್ಟಿ ಸುಲಿಯೋಕೆ ಹೋದೆ. ಮಾವ “ತಡಿ” ಅಂದರು.

ಅಮ್ಮನ ಡಬ್ಬಗಳಿಗೆ ಹೆಸರು ಬರೆಯುವ ಸಣ್ಣ ಮಾರ್ಕರ್ ತಂದರು. ಗಾಜಿನ ಒಳಮೈಯ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆದರು. ಪಕ್ಕದಲ್ಲಿ ತಿಂಗಳು, ವರ್ಷ. ಆಮೇಲೆ ಮಾರ್ಕರನ್ನ ನನ್ನ ಕೈಗೆ ಕೊಟ್ಟರು. ನಾನೂ ಕೆಳಗೆ ನನ್ನ ಅಕ್ಷರ ಹಾಕಿದೆ.

“ಯಾರು ಮಾವ ಇದನ್ನ ನೋಡೋದು? ಇನ್ನೆರಡು ವರ್ಷಕ್ಕೆ ಫೋನೇ ಬದಲಾಗಿರುತ್ತೆ.”

“ಬಿಚ್ಚೋನು ನೋಡ್ತಾನೆ.”

ಒತ್ತಿ ಕೂರಿಸಿ, ಮೇಲೆ ದಪ್ಪ ನಿಘಂಟು ಹೇರಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಆನ್ ಆಯಿತು. ಕ್ಯಾಮೆರಾ ಸ್ಪಷ್ಟ ಇತ್ತು, ವೈರ್‌ಲೆಸ್ ಚಾರ್ಜಿಂಗೂ ಆಯಿತು. ನೀರಿನ ರಕ್ಷಣೆ ಹೋಗಿದೆ ಅಂತಲೇ ಲೆಕ್ಕ, ಮಳೆಯಲ್ಲಿ ಈಗ ಹುಷಾರಾಗಿರ್ತೀನಿ. ಬಲಗಡೆ ಮೇಲಿನ ಮೂಲೆಯಲ್ಲಿ ಗಾಜು ಒಂದು ಕೂದಲೆಳೆಯಷ್ಟು ಎದ್ದಿದೆ. ನಾನು ಅಂಟು ಸರಿಯಾಗಿ ಒರೆಸದ ಜಾಗ ಅದು. ರೈಲಲ್ಲಿ ಕೂತಾಗ ಹೆಬ್ಬೆರಳು ತಾನಾಗೇ ಅಲ್ಲಿಗೆ ಹೋಗುತ್ತೆ. ಮೊನ್ನೆ ಮಾವನಿಗೆ ತೋರಿಸಿದೆ, ಸರಿ ಮಾಡೋಣವಾ ಅಂತ.

ಉಗುರಾಡಿಸಿ ನೋಡಿ ಫೋನು ವಾಪಸು ಕೊಟ್ಟರು. “ಇರ್ಲಿ ಬಿಡು. ತುಟಿ ಆಯ್ತದೆ.”